ಕಪ್ಪತಗುಡ್ಡದ ಬಂಗಾರ: ಓದುಗರು ಕೇಳಿದ್ದು, ನಾವು ಹೇಳಿದ್ದು

ಕಳೆದ ಸಂಚಿಕೆಯಲ್ಲಿ ಕಪ್ಪತಗುಡ್ಡದ ಹಳೆಯ ಬಂಗಾರದ ಗಣಿಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಗದಗ, ಮುಂಡರಗಿ, ಶಿರಹಟ್ಟಿ ಕಡೆ ಪ್ರತಿ ಮನೆಯಲ್ಲೂ ಈ ಗುಡ್ಡದ ಬಗ್ಗೆ ಒಂದಲ್ಲ ಒಂದು ಮಾತು ಇದೆ ಅನಿಸುತ್ತದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ, ಸಮಾಧಾನದಿಂದ ಓದಿ.

"ಕಪ್ಪತಗುಡ್ಡದಾಗ ಬಂಗಾರ ಐತಿ, ಹಳ್ಳದ ಉಸುಕು ತೊಳೆದು ತೆಗೀತಿದ್ರು ಅಂತ ನಮ್ಮ ಅಜ್ಜ ಹೇಳ್ತಿದ್ದ. ಇದು ಖರೇನಾ, ಸುಮ್ನೆ ಕಥೆನಾ?"
– ಮುಂಡರಗಿಯ ರೈತರೊಬ್ಬರು

ಖರೇ ರೀ. ನಿಮ್ಮ ಅಜ್ಜ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ಈ ಭಾಗದಲ್ಲಿ ಉಸುಕು ತೊಳೆದು ಬಂಗಾರ ತೆಗೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಜನ ಇದ್ದರು. ಅವರನ್ನು ಜಾಲಗಾರರು ಅನ್ನುತ್ತಿದ್ದರು. ಮಳೆಗೆ ಗುಡ್ಡದ ಕಲ್ಲು ಸವೆದು, ಮಣ್ಣಾಗಿ, ಹಳ್ಳಕ್ಕೆ ಬರುತ್ತದೆ. ಅದರ ಜೊತೆ ಕಲ್ಲಿನೊಳಗಿದ್ದ ಬಂಗಾರದ ಕಣವೂ ಬರುತ್ತದೆ. ಬಂಗಾರ ಭಾರೀ ತೂಕದ ಲೋಹ. ನೀರಿಗಿಂತ 19 ಪಟ್ಟು ಜಾಸ್ತಿ. ಸಾಮಾನ್ಯ ಬಿಳಿ ಉಸುಕು ನೀರಿಗಿಂತ ಎರಡೂವರೆ ಪಟ್ಟು ಸ್ವಲ್ಪ ಮೇಲೆ, ಅಷ್ಟೇ. ಹಾಗಾಗಿ ಹಳ್ಳ ರಭಸ ಕಳೆದುಕೊಳ್ಳುವ ಕಡೆ, ತಿರುವಿನ ಒಳಮಗ್ಗುಲಲ್ಲಿ, ಬಂಡೆಯ ಬಿರುಕುಗಳಲ್ಲಿ ಬಂಗಾರ ಮೊದಲು ತಳ ಹಿಡಿಯುತ್ತದೆ. ಜಾಲಗಾರರಿಗೆ ಈ ಜಾಗ ಎಲ್ಲೆಲ್ಲಿ ಅನ್ನುವುದು ಬಾಯಿಪಾಠ.

ಆ ಉಸುಕನ್ನು ಮರದ ತಟ್ಟೆಗೆ ಹಾಕಿ, ನೀರಲ್ಲಿ ಅರ್ಧ ಮುಳುಗಿಸಿ, ಮೊರದಲ್ಲಿ ಜೋಳ ಕೇರಿದ ಹಾಗೆ ಆಡಿಸಬೇಕು. ಮೊದಲು ಕೆಸರು ಹೋಗುತ್ತದೆ. ಆಮೇಲೆ ಬಿಳಿ ಉಸುಕು ಅಂಚಿನಿಂದ ಜಾರುತ್ತದೆ. ಕೊನೆಗೆ ತಟ್ಟೆಯ ಮೂಲೆಯಲ್ಲಿ ಒಂದು ಚಿಟಿಕೆ ಕಪ್ಪು ಉಸುಕು ಉಳಿಯುತ್ತದೆ. ಅದು ಹೆಚ್ಚಾಗಿ ಕಬ್ಬಿಣದ ಅದಿರಿನ ಪುಡಿ, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ನಸೀಬು ಇದ್ದರೆ ಆ ಕಪ್ಪಿನ ಬಾಲದಲ್ಲಿ ಒಂದೋ ಎರಡೋ ಹಳದಿ ಚುಕ್ಕೆ. ಅದೂ ಎಷ್ಟು ಸಣ್ಣದು ಅಂದರೆ, ಒದ್ದೆ ಬೆರಳಿನ ತುದಿಗೆ ಹತ್ತಿಸಿಕೊಂಡೇ ನೋಡಬೇಕು. ದಿನವಿಡೀ ನಡು ಬಗ್ಗಿಸಿ ನಿಂತರೆ ಅವತ್ತಿನ ಹೊಟ್ಟೆಗೆ ಸಾಕಾಗುವಷ್ಟು ಸಿಕ್ಕರೆ ದೊಡ್ಡದು. ಯಾರೂ ಇದರಿಂದ ಸಾಹುಕಾರರಾಗಲಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲೇ ಈ ಗುಡ್ಡಗಳ ಬಂಗಾರದ ಬಗ್ಗೆ ವರದಿ ಪ್ರಕಟಿಸಿದರು. ಅವರು ಇದನ್ನು ಡಂಬಳದ ಗುಡ್ಡಗಳು ಎಂದು ಕರೆದರು. ಆಗ ಡಂಬಳವೇ ಈ ಕಡೆಯ ದೊಡ್ಡ ಹೆಸರು. ಸೊರಟೂರಿನ ಹಳ್ಳ, ಅಲ್ಲಿಯ ಜಾಲಗಾರರು, ಇಬ್ಬರೂ ಅವರ ಬರಹದಲ್ಲಿ ಬರುತ್ತಾರೆ. ಸಾಹೇಬರು ದೂರ್ಬೀನು ಹಿಡಿದು ಬಂದು ಬಂಗಾರ ಕಂಡುಹಿಡಿದರು ಎಂದು ಕೆಲವರು ಬರೆಯುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎಲ್ಲಿ ಬಂಗಾರ ಇದೆ ಅಂತ ಊರಿನ ಜನಕ್ಕೆ ಮೊದಲೇ ಗೊತ್ತಿತ್ತು. ಫೂಟ್ ಅವರ ದೊಡ್ಡ ಕೆಲಸ ಬೇರೆ. ಬಂಗಾರ ಯಾವ ಜಾತಿಯ ಕಲ್ಲಿನಲ್ಲಿ ಇರುತ್ತದೆ ಎಂದು ಅವರು ಗುರುತಿಸಿದರು. ಮುಂದೆ 1880ರ ದಶಕದಲ್ಲಿ ಆ ಕಲ್ಲುಗಳ ಗುಂಪಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟರು. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯನ್ನು ಕೇಳಿದರೂ 'ಧಾರವಾಡ ಕಲ್ಲುಗಳು' ಅಂದರೆ ಗೊತ್ತು.

"ಸರ್, ಬಂಗಾರ ಕಲ್ಲಿನ ಒಳಗೆ ಹೋಗಿದ್ದು ಹೇಗೆ? ಪಠ್ಯಪುಸ್ತಕದಲ್ಲಿ 'ಧಾರವಾಡ ಶಿಲೆಗಳಲ್ಲಿ ಚಿನ್ನ ದೊರೆಯುತ್ತದೆ' ಅಂತ ಒಂದೇ ವಾಕ್ಯ ಇದೆ."
– ಪಿಯುಸಿ ವಿದ್ಯಾರ್ಥಿನಿ, ಗದಗ

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಆ ಒಂದು ವಾಕ್ಯದ ಹಿಂದೆ ದೊಡ್ಡ ಕಥೆ ಇದೆ, ಅದನ್ನು ಮಕ್ಕಳಿಗೆ ಹೇಳದೇ ಇರುವುದು ನನಗೆ ಬೇಜಾರಿನ ವಿಷಯ.

ಕಪ್ಪತಗುಡ್ಡ ಒಂಟಿ ಗುಡ್ಡ ಅಲ್ಲ. ಗದಗದಿಂದ ಶುರುವಾಗಿ ಚಿತ್ರದುರ್ಗದ ಮೇಲೆ ಹಾದು ದಕ್ಷಿಣಕ್ಕೆ ಮಂಡ್ಯದ ಕಡೆ ಹೋಗುವ ಒಂದು ಉದ್ದನೆಯ ಕಲ್ಲಿನ ಪಟ್ಟಿಯ ಉತ್ತರದ ತುದಿ ಇದು. ಸುತ್ತ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ಅದರ ಅಣ್ಣತಮ್ಮಂದಿರು. ನಡುವೆ ಈ ಪಟ್ಟಿ ಬೇರೆಯೇ ಜಾತಿ. ಇಲ್ಲಿ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಇದೆ, ಅದು ಈಗ ಹಸಿರು ಛಾಯೆಯ ಗಟ್ಟಿ ಕಲ್ಲಾಗಿದೆ. ಸಮುದ್ರದ ಕೆಸರು ಗಟ್ಟಿಯಾಗಿ ಪದರ ಪದರ ಬಿಚ್ಚುವ ಕಲ್ಲಾಗಿದೆ. ಕೆಂಪು, ಕಪ್ಪು ಪಟ್ಟೆಗಳ ಕಬ್ಬಿಣದ ಕಲ್ಲು ಇದೆ. ಗುಡ್ಡದ ನೆತ್ತಿಯ ಸಾಲುಗಳು ಬಹುಪಾಲು ಆ ಕಬ್ಬಿಣದ ಕಲ್ಲೇ, ಏಕೆಂದರೆ ಅದು ಬೇಗ ಸವೆಯುವುದಿಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಇದೆ, ರಾಷ್ಟ್ರೀಯ ಭೂಸ್ಮಾರಕ. ನೀರಿನೊಳಗೆ ಲಾವಾ ಉಕ್ಕಿದಾಗ ಮಾತ್ರ ಆ ಆಕಾರ ಬರುತ್ತದೆ. ಅದೂ ಇದೇ ಪಟ್ಟಿಗೆ ಸೇರಿದ್ದು. ಅಂದರೆ ನೀನು ಬಸ್ಸಿನಲ್ಲಿ ಹೋಗುವಾಗ ಕಾಣುವ ಈ ಒಣ ಗುಡ್ಡ ಒಂದು ಕಾಲಕ್ಕೆ ಸಮುದ್ರದ ತಳ.

ಆಮೇಲೆ ಭೂಮಿಯ ಒಳಗಿನ ಒತ್ತಡಕ್ಕೆ ಈ ಪದರಗಳೆಲ್ಲ ಮಡಚಿ, ನೆಟ್ಟಗೆ ನಿಂತು, ಕಿಲೋಮೀಟರುಗಟ್ಟಲೆ ಆಳಕ್ಕೆ ಹೋದವು. ಅಲ್ಲಿ ಬಿಸಿ ಜಾಸ್ತಿ. ಕಲ್ಲಿನೊಳಗೆ ಕಟ್ಟಿಹಾಕಿಕೊಂಡಿದ್ದ ನೀರು ಬಿಡುಗಡೆ ಆಯಿತು. ಈ ಬಿಸಿನೀರಲ್ಲಿ ಗಂಧಕ ಇತ್ತು, ಮತ್ತು ಗಂಧಕದ ಜೊತೆ ಕೈ ಹಿಡಿದುಕೊಂಡು ತೀರಾ ಸ್ವಲ್ಪ ಬಂಗಾರವೂ ಕರಗಿತ್ತು. ನೀರು ಬಿರುಕು ಹುಡುಕಿಕೊಂಡು ಮೇಲೆ ಬಂತು. ಬರುವ ದಾರಿಯಲ್ಲಿ ಕಬ್ಬಿಣ ಜಾಸ್ತಿ ಇರುವ ಕಲ್ಲು ಸಿಕ್ಕರೆ ಅಲ್ಲಿ ಒಂದು ರಾಸಾಯನಿಕ ಕೆಲಸ ನಡೆಯುತ್ತದೆ. ಗಂಧಕ ಬಂಗಾರವನ್ನು ಬಿಟ್ಟು ಕಬ್ಬಿಣದ ಜೊತೆ ಸೇರುತ್ತದೆ. ಹಾಗೆ ಸೇರಿ ಹುಟ್ಟುವುದೇ ಪೈರೈಟ್, ಹಾಗೂ ಶಂಖಪಾಷಾಣದ, ಅಂದರೆ ಆರ್ಸೆನಿಕ್‌ನ, ಅಂಶ ಇರುವ ಆರ್ಸೆನೋಪೈರೈಟ್ ಎಂಬ ಖನಿಜಗಳು. ಜೊತೆಗಾರ ಬಿಟ್ಟುಹೋದ ಮೇಲೆ ಬಂಗಾರ ಕರಗಿ ಇರಲಾರದು. ಅಲ್ಲೇ ಕೂತುಬಿಡುತ್ತದೆ. ಅದೇ ಬಿರುಕಿನಲ್ಲಿ ನೀರಿನೊಂದಿಗೆ ಬಂದ ಸಿಲಿಕಾ ಗಟ್ಟಿಯಾಗಿ ಬಿಳಿ ಬೆಣಚುಕಲ್ಲಾಗುತ್ತದೆ. ಕಪ್ಪತಗುಡ್ಡದ ಗಣಿಗಳೆಲ್ಲ ಬೆನ್ನು ಹತ್ತಿದ್ದು ಈ ಬೆಣಚಿನ ಎಳೆಗಳನ್ನೇ.

ಇದು ಯಾವಾಗ ಆಯಿತು? ಸುಮಾರು 252 ಕೋಟಿ ವರ್ಷಗಳ ಹಿಂದೆ. ಗದಗದ ಅದಿರಿನಲ್ಲಿ ಬಂಗಾರದ ಜೊತೆಗೇ ಹುಟ್ಟಿದ ಮೊನಜೈಟ್ ಅನ್ನುವ ಸಣ್ಣ ಹರಳುಗಳಿವೆ. ಅವುಗಳಲ್ಲಿ ಯುರೇನಿಯಂ ಎಷ್ಟು ಸೀಸ ಆಗಿದೆ ಎಂದು ಅಳೆದು ಈ ವಯಸ್ಸು ತೆಗೆದಿದ್ದಾರೆ, 2011ರಲ್ಲಿ ಪ್ರಕಟವಾಯಿತು. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಬಂಗಾರಕ್ಕೂ ಹೆಚ್ಚುಕಡಿಮೆ ಅದೇ ವಯಸ್ಸು ಬಂದಿದೆ. ಅಷ್ಟು ದೂರದ ಎರಡು ಜಾಗದಲ್ಲಿ ಒಂದೇ ಕಾಲಕ್ಕೆ ಬಂಗಾರ ಕೂತಿದೆ ಅಂದರೆ ಇಡೀ ಪಟ್ಟಿಯ ಕೆಳಗೆ ಒಮ್ಮೆಲೇ ದೊಡ್ಡ ಘಟನೆ ನಡೆದಿರಬೇಕು, ಅಲ್ವಾ? ನನಗಂತೂ ಇದನ್ನು ಮೊದಲು ಓದಿದಾಗ ಮೈ ಜುಮ್ಮೆಂದಿತ್ತು.

"ಅತ್ತಿಕಟ್ಟಿ ಹತ್ತಿರದ ಗಣಿಗೆ 'ಸಾಂಗ್ಲಿ ಗಣಿ' ಅಂತಾರೆ. ಸಾಂಗ್ಲಿ ಎಲ್ಲಿ, ಗದಗ ಎಲ್ಲಿ?"
– ಡೋಣಿಯಿಂದ ಒಬ್ಬ ಓದುಗರು

ಸ್ವಾತಂತ್ರ್ಯ ಬರುವ ತನಕ ಈ ಭಾಗದ ನಕಾಶೆ ಹರಿದು ಹಂಚಿಹೋಗಿತ್ತು. ಗದಗ, ಡಂಬಳದ ಕಡೆ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ಕೈಯಲ್ಲಿ. ಒಂದೇ ಗುಡ್ಡದ ಒಂದು ಮಗ್ಗುಲಿಗೆ ಒಬ್ಬರ ಅಪ್ಪಣೆ ಬೇಕು, ಇನ್ನೊಂದು ಮಗ್ಗುಲಿಗೆ ಇನ್ನೊಬ್ಬರದು. ಹೆಸರು ಹಾಗೇ ಉಳಿದುಕೊಂಡಿದೆ. ಗದಗ ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ಹಳೆಯ ಕಾಗದಗಳಲ್ಲೆಲ್ಲ ಇದು ಧಾರವಾಡದ ಬಂಗಾರವೇ.

ಕಂಪನಿಗಳು ಯಾಕೆ ಬಂದವು ಅನ್ನುವುದಕ್ಕೆ ಕೋಲಾರ ಕಾರಣ. 1880ರ ನಂತರ ಕೋಲಾರದಲ್ಲಿ ಬಂಗಾರ ಸುರಿಯತೊಡಗಿದ ಮೇಲೆ ಲಂಡನ್ನಿನಲ್ಲಿ ಹಣ ಇದ್ದವರಿಗೆಲ್ಲ ದಕ್ಷಿಣ ಭಾರತದ ಮೇಲೆ ಕಣ್ಣು ಬಿತ್ತು. ಅದೇ ದಶಕದಲ್ಲಿ ಗದಗಕ್ಕೆ ರೈಲೂ ಬಂತು. ಯಂತ್ರ ತರಲು, ಕಲ್ಲಿದ್ದಲು ತರಲು ದಾರಿ ಆಯಿತು. 1900 ದಾಟಿದ ಮೇಲೆ ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿ, ಸಾಂಗ್ಲಿ ಗಣಿ ಎಂದು ಸಾಲಾಗಿ ಕೆಲಸ ಶುರುವಾದವು. ಬಾವಿ ತೋಡಿದರು, ಅಡ್ಡಸುರಂಗ ಕೊರೆದರು, ಅದಿರು ಕುಟ್ಟುವ ಗಿರಣಿ ಹಾಕಿದರು. ಹತ್ತು ವರ್ಷ ಅಷ್ಟೇ. 1911ರ ಹೊತ್ತಿಗೆ ಎಲ್ಲ ಬಂದ್. ಭೂವಿಜ್ಞಾನಿಗಳು ಇಲ್ಲಿಯ ಬಂಗಾರದ ಎಳೆಗಳನ್ನು ಮೂರು ಸಾಲು ಮಾಡುತ್ತಾರೆ: ಪಶ್ಚಿಮಕ್ಕೆ ಹೊಸೂರಿನದು, ನಡುವೆ ಕಬಲಾಯತಕಟ್ಟಿಯದು, ಪೂರ್ವಕ್ಕೆ ಅತ್ತಿಕಟ್ಟಿ ಮತ್ತು ಸಾಂಗ್ಲಿಯದು. ಮೂರೂ ಒಂದೇ ದಿಕ್ಕು ಹಿಡಿದು ಸಾಗುತ್ತವೆ, ಆದರೆ ಸುತ್ತಲಿನ ಕಲ್ಲು ಬೇರೆ ಬೇರೆ.

"ಬಂಗಾರ ಇದ್ದದ್ದು ಖರೇ ಅಂದ್ರೆ ಕಂಪನಿಯವರು ಬಿಟ್ಟು ಹೋಗಿದ್ದು ಯಾಕೆ? ಒಳಗೆ ಏನೋ ಅನಾಹುತ ಆಯ್ತು, ದೇವರು ಬಿಡಲಿಲ್ಲ ಅಂತ ಜನ ಹೇಳ್ತಾರೆ."
– ಶಿರಹಟ್ಟಿ, ಹುಬ್ಬಳ್ಳಿ ಮತ್ತು ಹಾವೇರಿಯಿಂದ ಹಲವರು

ಅತೀ ಹೆಚ್ಚು ಪತ್ರ ಬಂದಿದ್ದು ಈ ಪ್ರಶ್ನೆಗೇ. ಉತ್ತರ ಕಲ್ಲಿನೊಳಗೇ ಇದೆ.

ಮೊದಲು ಪ್ರಮಾಣ ಗೊತ್ತಾಗಲಿ. ಬಂಗಾರದ ಗಣಿ ಅಂದರೆ ಹೊಳೆಯುವ ಗೋಡೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಲೆಕ್ಕಕ್ಕೆ ಒಂದು ಟನ್ ಕಲ್ಲಿನಲ್ಲಿ 3 ಗ್ರಾಂ ಬಂಗಾರ ಇದೆ ಅಂತ ಇಟ್ಟುಕೊಳ್ಳಿ. ಈಗಿನ ಕಾಲದಲ್ಲಿ ಅದು ಕೆಟ್ಟ ಅದಿರು ಅಲ್ಲ. ಆ 3 ಗ್ರಾಂ ಬಂಗಾರವನ್ನು ಒಟ್ಟು ಮಾಡಿದರೆ ಒಂದು ಘನ ಸೆಂಟಿಮೀಟರಿನ ಆರನೇ ಒಂದು ಭಾಗ ಆಗುತ್ತದೆ. ಅದೂ ಒಂದೇ ಕಡೆ ಇರುವುದಿಲ್ಲ, ಇಡೀ ಟನ್ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಹಾಗೆ ಹರಡಿರುತ್ತದೆ. ಒಂದು ತೊಲ ಬಂಗಾರ ಬೇಕು ಅಂದರೆ ಹತ್ತಿರ ಹತ್ತಿರ 4 ಟನ್ ಕಲ್ಲು ಒಡೆದು, ಮೇಲೆತ್ತಿ, ಹಿಟ್ಟು ಮಾಡಬೇಕು. ಅದೂ ಒಂದು ಕಣ ಕೈ ತಪ್ಪದಿದ್ದರೆ ಮಾತ್ರ.

ಎರಡನೆಯದು ಎಳೆಯ ಸ್ವಭಾವ. ಬೆಣಚಿನ ಎಳೆ ಒಂದೇ ದಪ್ಪ ಇರುವುದಿಲ್ಲ. ಒಂದು ಕಡೆ ಉಬ್ಬುತ್ತದೆ, ನಾಲ್ಕು ಮಾರು ಆಚೆ ಬೆರಳಗಲ ಆಗುತ್ತದೆ, ಮುಂದೆ ಇಲ್ಲವೇ ಇಲ್ಲ. ದಪ್ಪ ಜಾಗದ ಲೆಕ್ಕ ಹಿಡಿದು ಬಂಡವಾಳ ಹಾಕಿದವರಿಗೆ ತೆಳು ಜಾಗ ಬಂದಾಗ ಕಷ್ಟ. ಕೋಲಾರದಲ್ಲಿ ಎಳೆ ಕೆಳಗೆ ಕೆಳಗೆ ಇಳಿಯುತ್ತಾ ಹೋಯಿತು, ಅದಕ್ಕೇ ಅವರು 3 ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ ಹೋಗಿ, 2001ರವರೆಗೂ ಗಣಿ ನಡೆಸಿದರು. ಎಲ್ಲ ಕಡೆ ಕೋಲಾರ ಸಿಗುವುದಿಲ್ಲ.

ಮೂರನೆಯ ಕಾರಣ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಡ್ಡದ ಮೇಲುಭಾಗದ ಅದಿರಿಗೆ ಸಾವಿರಾರು ವರ್ಷ ಮಳೆ, ಗಾಳಿ ತಾಗಿದೆ. ಅಲ್ಲಿಯ ಪೈರೈಟ್, ಆರ್ಸೆನೋಪೈರೈಟ್ ತುಕ್ಕು ಹಿಡಿದು ಕೆಂಪು ಮಣ್ಣಾಗಿ ಹೋಗಿವೆ. ಅವುಗಳ ಒಳಗೆ ಸಿಕ್ಕಿಕೊಂಡಿದ್ದ ಬಂಗಾರ ಬಿಡುಗಡೆಯಾಗಿ ಬಿಡಿ ಕಣವಾಗಿ ಉಳಿದಿದೆ. ಮೇಲಿನ ಕಲ್ಲನ್ನು ಒಡೆದು ನೋಡಿದರೆ ಬೆಣಚಿನಲ್ಲಿ ಸಣ್ಣ ಸಣ್ಣ ಚೌಕ ತೂತು ಕಾಣುತ್ತವೆ, ಒಳಗೆ ತುಕ್ಕಿನ ಪುಡಿ. ಅದು ಪೈರೈಟ್ ಕೂತಿದ್ದ ಮನೆ. ಅಂಥ ಕಲ್ಲನ್ನು ಕುಟ್ಟಿ ತೊಳೆದರೂ ಬಂಗಾರ ಸಿಗುತ್ತದೆ, ಪಾದರಸ ಹಚ್ಚಿದ ತಾಮ್ರದ ತಗಡಿನ ಮೇಲೆ ಹರಿಸಿದರೂ ಹಿಡಿಯುತ್ತದೆ. ಆಗಿನ ಗಿರಣಿಗಳ ಪದ್ಧತಿ ಅದೇ.

ಆದರೆ ಅಂತರ್ಜಲದ ಮಟ್ಟದಿಂದ ಕೆಳಗೆ ಹೋದರೆ ಕಥೆ ಬೇರೆ. ಅಲ್ಲಿ ತುಕ್ಕು ಹಿಡಿದಿಲ್ಲ. ಆರ್ಸೆನೋಪೈರೈಟ್ ಬೆಳ್ಳಗೆ, ಉಕ್ಕಿನ ಹಾಗೆ ಗಟ್ಟಿಯಾಗಿ ಕೂತಿದೆ, ಬಂಗಾರ ಅದರ ಒಳಗೆ ಸೆರೆ. ಪಾದರಸಕ್ಕೆ ಅದು ತಾಗುವುದೇ ಇಲ್ಲ. ಸಯನೈಡ್ ದ್ರಾವಣದಲ್ಲಿ ಬಂಗಾರ ಕರಗಿಸುವ ವಿಧಾನ 1887ರಲ್ಲೇ ಬಂದಿತ್ತು, ಆದರೆ ದ್ರಾವಣ ಬಂಗಾರವನ್ನು ಮುಟ್ಟಿದರೆ ತಾನೇ ಕರಗಿಸುವುದು? ಹಾಗಾದರೆ ಅದಿರನ್ನು ಮೊದಲು ಹುರಿಯಬೇಕು. ಹುರಿದರೆ ಶಂಖಪಾಷಾಣದ ಬಿಳಿ ಹೊಗೆ ಎದ್ದು ಆಸುಪಾಸಿನ ಜನ, ದನ, ಬೆಳೆ ಎಲ್ಲದರ ಮೇಲೆ ಕೂರುತ್ತದೆ. ಖರ್ಚೂ ಜಾಸ್ತಿ, ವಿಷವೂ ಜಾಸ್ತಿ. ಮೇಲಿನ ಸುಲಭದ ಅದಿರು ತೀರುತ್ತಾ ಬಂದ ಹಾಗೆ, ಕೆಳಗಿನ ಹಠಮಾರಿ ಅದಿರು ಶುರುವಾಗುತ್ತಾ ಬಂದ ಹಾಗೆ, ಲಾಭದ ಲೆಕ್ಕ ತಲೆಕೆಳಗು. ಇದರ ಮೇಲೆ ಬಾವಿಗೆ ನುಗ್ಗುವ ನೀರನ್ನು ಹಗಲೂ ರಾತ್ರಿ ಎತ್ತುವ ಖರ್ಚು ಬೇರೆ.

ದೇವರು ಬಿಡಲಿಲ್ಲ ಅನ್ನುವ ನಂಬಿಕೆಯನ್ನು ನಾನು ಕೆಣಕುವುದಿಲ್ಲ. ಕಪ್ಪತ ಮಲ್ಲೇಶ್ವರನ ಮೇಲಿನ ಭಕ್ತಿ ಈ ಗುಡ್ಡವನ್ನು ಬಹಳ ಕಾಲ ಕಾಪಾಡಿದೆ. ಕಂಪನಿಗಳ ಗಂಟು ಕರಗಿದ್ದಕ್ಕೆ ಮಾತ್ರ ಈ ಬೆಳ್ಳನೆಯ ಖನಿಜವೇ ಸಾಕಷ್ಟು ಕಾರಣ.

"ಹೊಲದಲ್ಲಿ ಹಳದಿ ಹೊಳಪಿನ ಕಲ್ಲು ಸಿಕ್ಕಿದೆ. ಬಂಗಾರ ಹೌದೋ ಅಲ್ಲೋ ಮನೆಯಲ್ಲೇ ತಿಳಿಯುವುದು ಹೇಗೆ?"
– ಲಕ್ಷ್ಮೇಶ್ವರದ ಗೃಹಿಣಿ

ಅಕ್ಕಾ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದು ಪೈರೈಟ್ ಇರುತ್ತದೆ. ಒಂದು ಸೂಜಿ ತೊಗೊಳ್ಳಿ. ಹಳದಿ ಚುಕ್ಕೆಯ ಮೇಲೆ ಒತ್ತಿ. ಬಂಗಾರ ಆದರೆ ಮೆತ್ತಗೆ, ಕುಳಿ ಬೀಳುತ್ತದೆ. ಪೈರೈಟ್ ಆದರೆ ಸೂಜಿ ಜಾರುತ್ತದೆ, ಇಲ್ಲವೇ ಪುಡಿ ಉದುರುತ್ತದೆ. ಹೊಳಪು ಕೊಡದ ಬಿಳಿ ಟೈಲ್ಸಿನ ಹಿಂಭಾಗಕ್ಕೆ ತಿಕ್ಕಿ ನೋಡಿ. ಪೈರೈಟ್ ಕಪ್ಪು ಹಸಿರು ಗೆರೆ ಬಿಡುತ್ತದೆ, ಬಂಗಾರದ ಗೆರೆ ಬಂಗಾರದ್ದೇ ಬಣ್ಣ. ನೆರಳಿಗೆ ಹಿಡಿದರೂ ಗೊತ್ತಾಗುತ್ತದೆ. ಪೈರೈಟ್ ಬಿಸಿಲಲ್ಲಿ ಝಗಮಗ, ನೆರಳಲ್ಲಿ ಮಂಕು. ಬಂಗಾರ ಎಲ್ಲಿ ಹಿಡಿದರೂ ಹಳದಿಯೇ.

ಬೆಳ್ಳಿಯ ಹೊಳಪಿನ ಕಲ್ಲು ಸಿಕ್ಕು, ಸುತ್ತಿಗೆಯಿಂದ ಹೊಡೆದಾಗ ಬೆಳ್ಳುಳ್ಳಿಯ ವಾಸನೆ ಬಂದರೆ ಅದು ಆರ್ಸೆನೋಪೈರೈಟ್. ಅದನ್ನು ಮನೆಯೊಳಗೆ ಇಡಬೇಡಿ, ಒಲೆಗಂತೂ ಹಾಕಲೇಬೇಡಿ, ಮುಟ್ಟಿದ ಕೈ ಸೋಪು ಹಚ್ಚಿ ತೊಳೆದುಕೊಳ್ಳಿ. ಇಷ್ಟರ ಮೇಲೂ ಅನುಮಾನ ಉಳಿದರೆ ನಿಮ್ಮೂರ ಪತ್ತಾರರ ಹತ್ತಿರ ಒರೆಗಲ್ಲು ಇದ್ದೇ ಇರುತ್ತದೆ.

"ಲಕ್ಕುಂಡಿಯಲ್ಲಿ ಬಂಗಾರದ ನಾಣ್ಯ ಹೊಡೆಯುತ್ತಿದ್ದರಂತೆ. ಹೌದೇ?"
– ಗದಗದ ಶಾಲಾ ಶಿಕ್ಷಕರು

ಹೌದು ಸರ್. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿ, ಅಂದರೆ ಆಗಿನ ಲೊಕ್ಕಿಗುಂಡಿ, ಟಂಕಸಾಲೆ ಇದ್ದ ಊರು. ಶಾಸನಗಳಲ್ಲಿ ಬರುವ 'ಲೊಕ್ಕಿ ಗದ್ಯಾಣ' ಇಲ್ಲಿಯದೇ ಬಂಗಾರದ ನಾಣ್ಯ. ದಾನ ಕೊಡುವಾಗ, ತೆರಿಗೆ ಕಟ್ಟುವಾಗ ಇಷ್ಟು ಲೊಕ್ಕಿ ಗದ್ಯಾಣ ಅಂತ ಬರೆಸುತ್ತಿದ್ದರು, ಅಷ್ಟು ನಂಬಿಕೆ ಅದರ ಮೇಲೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಲ್ಲ, ಆಗ ಟಂಕಸಾಲೆಯ ಮಾತನ್ನೂ ಹೇಳಿ. ಗುಡ್ಡದ ಬಂಗಾರವೇ ಈ ನಾಣ್ಯ ಆಯಿತು ಎಂದು ನೇರ ಗಂಟು ಹಾಕಿ ಮಾತ್ರ ಹೇಳಬೇಡಿ. ಅಂಥ ಮಾತಿಗೆ ಶಾಸನದ ಆಧಾರ ಬೇಕು.

"ಈಗಿನ ತಂತ್ರಜ್ಞಾನದಲ್ಲಿ ಆ ಗಣಿ ಮತ್ತೆ ತೆರೆಯಬಹುದಲ್ಲ? ನಮ್ಮ ಹುಡುಗರು ಕೆಲಸಕ್ಕೆ ಗೋವಾ, ಬೆಂಗಳೂರು ಅಂತ ಹೋಗ್ತಿದ್ದಾರೆ."
– ಮುಂಡರಗಿ ತಾಲ್ಲೂಕಿನ ಯುವಕ

ತಮ್ಮಾ, ನಿನ್ನ ಪ್ರಶ್ನೆಯಲ್ಲಿರುವ ಸಂಕಟ ನನಗೆ ಅರ್ಥ ಆಗುತ್ತದೆ. ಮಳೆ ಕಡಿಮೆ ಬೀಳುವ ತಾಲ್ಲೂಕು, ಒಂದು ವರ್ಷ ಬೆಳೆ ಬಂದರೆ ಇನ್ನೊಂದು ವರ್ಷ ಇಲ್ಲ. ಆದರೂ ನನ್ನ ಉತ್ತರ ಬೇಡ ಅಂತಲೇ.

ಕಾನೂನಿನ ಮಾತು ಮೊದಲು. 2015ರ ಡಿಸೆಂಬರ್‌ನಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿತು. 2016ರ ನವೆಂಬರ್‌ನಲ್ಲಿ ಅದೇ ಆದೇಶವನ್ನು ವಾಪಸ್ ತೆಗೆದುಕೊಂಡಿತು. ಆಗ ಜನ ಎದ್ದರು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ 2017ರ ಫೆಬ್ರುವರಿಯಲ್ಲಿ ಧರಣಿಗೆ ಕೂತರು, ಸಾವಿರಾರು ಜನ ಬಂದರು. ಏಪ್ರಿಲ್‌ನಲ್ಲಿ ಸರ್ಕಾರ ಮತ್ತೆ ಸಂರಕ್ಷಿತ ಪ್ರದೇಶ ಎಂದಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಜಾಗ ವನ್ಯಜೀವಿಧಾಮ ಆಯಿತು. ಸ್ವಾಮೀಜಿ ಅದನ್ನು ನೋಡಲು ಇರಲಿಲ್ಲ, 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು. 2011ರಲ್ಲಿ ಹಳ್ಳಿಗುಡಿಯ ಫಲವತ್ತಾದ ಹೊಲಗಳಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುವುದನ್ನು ತಡೆದ ಹೋರಾಟದ ಮುಂದೆ ಇದ್ದವರೂ ಅವರೇ.

ಇನ್ನು ನನ್ನ ಕಾರಣ. ಒಂದು ಟನ್ ಅದಿರಿನಿಂದ 3 ಗ್ರಾಂ ತೆಗೆದ ಮೇಲೆ ಉಳಿದದ್ದು ಎಲ್ಲಿ ಹೋಗಬೇಕು? ಟನ್ನಿಗೆ ಟನ್ನು ಹಿಟ್ಟಿನಂಥ ಪುಡಿ ಉಳಿಯುತ್ತದೆ, ಅದರಲ್ಲಿ ಆರ್ಸೆನಿಕ್ ಇರುತ್ತದೆ. ಗಣಿ ಹತ್ತೋ ಇಪ್ಪತ್ತೋ ವರ್ಷ ನಡೆದೀತು, ಆ ರಾಶಿಯನ್ನು ಕಾಯುವುದು ಮೊಮ್ಮಕ್ಕಳ ಕಾಲದವರೆಗೂ ಮುಗಿಯುವುದಿಲ್ಲ. ಮುಂಡರಗಿ ಕಡೆಯ ಹಳ್ಳಗಳೆಲ್ಲ ಕೊನೆಗೆ ಸೇರುವುದು ತುಂಗಭದ್ರೆಯನ್ನು. ಈಗಿನ ತಂತ್ರಜ್ಞಾನದಲ್ಲಿ ಹಠಮಾರಿ ಅದಿರಿನಿಂದಲೂ ಬಂಗಾರ ತೆಗೆಯಬಹುದು, ಒಪ್ಪುತ್ತೇನೆ. ರಾಶಿಯನ್ನು ಮಾಯ ಮಾಡುವ ತಂತ್ರಜ್ಞಾನ ಇನ್ನೂ ಬಂದಿಲ್ಲ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ ಇದು. ಕತ್ತೆಕಿರುಬ, ತೋಳ, ಚಿರತೆ ಇನ್ನೂ ಇಲ್ಲಿ ಬದುಕಿವೆ. ಸುತ್ತಲಿನ ಬಯಲು ಸೀಮೆಗೆ ಇರುವುದು ಇದೊಂದೇ ದೊಡ್ಡ ಹಸಿರು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ನಡೆಯುತ್ತಿದೆ, ನಡೆಯಲಿ. ಅಲ್ಲಿಯ ಎಳೆ ಬೇರೆ, ಅದಿರಿನ ಗುಣ ಬೇರೆ. ಅಲ್ಲಿ 2000 ವರ್ಷಗಳ ಹಿಂದೆಯೇ ಜನ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆದು ಆಳಕ್ಕೆ ಇಳಿದಿದ್ದರು. ಅದನ್ನು ತಂದು ಇಲ್ಲಿಗೆ ಹೋಲಿಸಬಾರದು.

"ನಮ್ಮೂರ ಗುಡ್ಡದ ಬದಿಗೆ ಹಳೆಯ ಗಣಿ ಬಾವಿ ಬಾಯಿ ತೆರೆದುಕೊಂಡಿದೆ. ಹುಡುಗರು ಒಳಗೆ ಇಳಿದು ವಿಡಿಯೋ ಮಾಡುತ್ತಾರೆ. ಪಕ್ಕದ ಕಲ್ಲುಪುಡಿ ರಾಶಿಯನ್ನು ಕೆಲವರು ಅಂಗಳಕ್ಕೆ ಹಾಕಿಕೊಂಡಿದ್ದಾರೆ. ಕುಡಿಯುವ ನೀರಿನ ಬೋರ್ ಕೂಡ ಹತ್ತಿರ ಇದೆ. ಭಯ ಇದೆಯಾ?"
– ಗುಡ್ಡದ ಅಂಚಿನ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ

ಇದೆ ತಾಯಿ, ಮತ್ತು ಈ ಪತ್ರ ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಬಾವಿಯ ಅಂಚು ನೂರು ವರ್ಷದ ಮಣ್ಣು. ಮೇಲೆ ಹುಲ್ಲು ಕಾಣುತ್ತದೆ, ಕೆಳಗೆ ಟೊಳ್ಳು. ಒಳಗೆ ಗಾಳಿ ಆಡದ ಜಾಗದಲ್ಲಿ ಆಮ್ಲಜನಕ ಕಡಿಮೆ ಆಗಿರುತ್ತದೆ. ಮನುಷ್ಯನಿಗೆ ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ, ನೇರ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಅದಕ್ಕೇ ಯಾರಾದರೂ ಒಳಗೆ ಬಿದ್ದರೆ ಹಗ್ಗ ಕಟ್ಟಿಕೊಂಡು ಇಳಿಯಲು ಹೋಗಬೇಡಿ, ಅಗ್ನಿಶಾಮಕ ದಳಕ್ಕೆ 112 ಒತ್ತಿ. ಪಂಚಾಯತಿಗೂ ಅರಣ್ಯ ಇಲಾಖೆಗೂ ಇವತ್ತೇ ಬರೆದು ಕೊಡಿ. ಬೇಲಿ ಬರುವ ತನಕ ಜಾಲಿ ಮುಳ್ಳನ್ನಾದರೂ ಸುತ್ತ ಒಟ್ಟಿಸಿ. ವನ್ಯಜೀವಿಧಾಮದ ಒಳಗಿನ ಬಾವಿ ಆದರೆ ಅನುಮತಿ ಇಲ್ಲದೆ ಹೋಗುವುದೇ ಅಪರಾಧ ಅಂತ ಆ ಹುಡುಗರಿಗೆ ಹೇಳಿ.

ರಾಶಿಯ ಪುಡಿ ಅಂಗಳಕ್ಕೆ, ಹಿತ್ತಲಿಗೆ, ಮನೆ ಕಟ್ಟಲು ಬೇಡ. ಮಕ್ಕಳು ಮಣ್ಣಲ್ಲಿ ಆಡುತ್ತಾರೆ, ಕೈ ಬಾಯಿಗೆ ಹೋಗುತ್ತದೆ. ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಬಾಟಲಿ ಕೊಟ್ಟಾಗ ಸುಮ್ಮನೆ 'ನೀರು ಟೆಸ್ಟ್ ಮಾಡಿ' ಅನ್ನಬೇಡಿ. 'ಆರ್ಸೆನಿಕ್ ನೋಡಿ, ಫ್ಲೋರೈಡೂ ನೋಡಿ' ಅಂತ ಹೆಸರು ಹೇಳಿ ಬರೆಸಿ. ಲೀಟರಿಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಆರ್ಸೆನಿಕ್ ಇದ್ದರೆ ಆ ನೀರು ಕುಡಿಯಲು ಬಾರದು. ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ವರದಿ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.

"ಭೂವಿಜ್ಞಾನ ಓದಬೇಕು ಅಂತ ಆಸೆ. ಎಲ್ಲಿ ಓದಬಹುದು?"
– ಹಾವೇರಿಯ ವಿದ್ಯಾರ್ಥಿ

ದೂರ ಹೋಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಭೂವಿಜ್ಞಾನದ ಸ್ನಾತಕೋತ್ತರ ವಿಭಾಗ ಇದೆ. ಪಿಯುಸಿಯಲ್ಲಿ ವಿಜ್ಞಾನ ತೊಗೊಂಡು, ಬಿಎಸ್ಸಿಯಲ್ಲಿ ಭೂವಿಜ್ಞಾನ ಒಂದು ವಿಷಯ ಇರುವ ಹಾಗೆ ನೋಡಿಕೋ. ಎಂಎಸ್ಸಿ ಮುಗಿದ ಮೇಲೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಲು ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಇದೆ. ಅಂತರ್ಜಲ ಮಂಡಳಿಗೂ ಅದೇ ಪರೀಕ್ಷೆಯಿಂದ ತೆಗೆದುಕೊಳ್ಳುತ್ತಾರೆ. ರಸಾಯನಶಾಸ್ತ್ರ ಬಿಡಬೇಡ, ಮೇಲೆ ಓದಿದೆಯಲ್ಲ, ಬಂಗಾರದ ಕಥೆಯೆಲ್ಲ ಅಲ್ಲೇ ಇದೆ. ಅಲ್ಲಿಯ ತನಕ ಒಂದು ಹತ್ತು ಪಟ್ಟಿನ ಲೆನ್ಸ್ ಕೊಂಡು ರಸ್ತೆ ಬದಿಯ ಕಲ್ಲು ನೋಡುವ ರೂಢಿ ಮಾಡಿಕೋ.